ಸುಮ್ಮನಿದ್ದ ಕೈಗಳ ಪರವಾಗಿ

ಈಗಲೂ ವಾರಕ್ಕೊಬ್ಬರಾದರೂ ಫೋನ್ ಮಾಡುತ್ತಾರೆ. "ಮೇಡಂ, ಎಐ ಕಂಪನೀಲಿ ಎಥಿಕ್ಸ್ ಕೆಲಸ ಸಿಕ್ಕಿದೆ. ಏನು ಓದ್ಕೊಂಡು ಹೋಗ್ಲಿ?" ಓದುವುದು ಆಮೇಲಾಯಿತು, ನಿನ್ನನ್ನು ಎಲ್ಲಿ ಕೂರಿಸುತ್ತಾರೋ ಅದನ್ನು ಮೊದಲು ನೋಡು ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ಏಳು ವರ್ಷ ಆ ಕೆಲಸ ಮಾಡಿ ನಾನು ಕಲಿತದ್ದರಲ್ಲಿ ಅರ್ಧ ಕುರ್ಚಿಯ ವಿಷಯವೇ. ಉಳಿದರ್ಧವನ್ನೂ ಹೇಳುತ್ತೇನೆ. ಇಷ್ಟವಾಗದಿದ್ದರೆ ಬಿಡಿ, ಯಾರಿಗೋ ಇಷ್ಟವಾಗಲೆಂದು ನಾನು ಯಾವತ್ತೂ ಮಾತಾಡಿದವಳಲ್ಲ.

ನನ್ನ ಹೆಸರು ವಿಶಾಲಾಕ್ಷಿ, ಮನೆ ಮಾರೇನಹಳ್ಳಿ. ಕಂಪ್ಯೂಟರ್ ಓದಿದವಳಲ್ಲ. ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಕಾರ್ಮಿಕ ಕಲ್ಯಾಣ ಅಧಿಕಾರಿಯಾಗಿ ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದೆ. ಶೌಚಾಲಯದ ಬೀಗದ ಕೈ ಸೂಪರ್‌ವೈಸರ್ ಜೇಬಿನಲ್ಲಿ ಯಾಕಿರಬೇಕು ಎಂಬಂಥ ವಿಷಯಗಳಿಗೆ ಜಗಳವಾಡಿ, ಮೇಲಿನವರ ಬಾಯಲ್ಲಿ 'ಆ ಹೆಂಗಸು' ಆಗಿದ್ದೆ. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಂಪನಿ ಗಾರ್ಮೆಂಟ್ ಘಟಕಗಳಿಗೆಂದೇ ಎಐ ತಂತ್ರಾಂಶ ಮಾಡುತ್ತಿತ್ತು. ಮೊದಲು ಲೇತ್ ವರ್ಕ್‌ಶಾಪ್ ಇದ್ದ ಕಟ್ಟಡ, ಎಷ್ಟು ಒರೆಸಿದರೂ ನೆಲದ ಎಣ್ಣೆ ಕಲೆ ಹೋಗುತ್ತಿರಲಿಲ್ಲ. ಅವರ ವಿದೇಶಿ ಗ್ರಾಹಕರೊಬ್ಬರು, ತಂಡದಲ್ಲಿ ನೀತಿ ತಜ್ಞರು ಇರಲೇಬೇಕು ಎಂದು ಪಟ್ಟು ಹಿಡಿದರಂತೆ. ಮಾಲೀಕ ರಘುನಂದನ್‌ಗೆ ಗಾರ್ಮೆಂಟ್ ಗೊತ್ತಿದ್ದು ಎದುರು ಮಾತಾಡದ ಒಬ್ಬರು ಬೇಕಾಗಿತ್ತು. ಮೊದಲನೆಯದನ್ನು ವಿಚಾರಿಸಿ ನನ್ನನ್ನು ತೆಗೆದುಕೊಂಡರು, ಎರಡನೆಯದನ್ನು ವಿಚಾರಿಸಲು ಮರೆತರು.

ಮೊದಲ ದಿನ ರಘುನಂದನ್ ನನ್ನನ್ನು ರಿಸೆಪ್ಷನ್ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. "ನಿಮಗೆ ಅಂತಾನೇ ಏಸಿ ಕ್ಯಾಬಿನ್ ಮೇಡಂ." ಬಾಗಿಲ ಮೇಲೆ ಹೊಳೆಯುವ ಹೆಸರಿನ ಫಲಕ. ತಂತ್ರಾಂಶ ಬರೆಯುವ ಮಕ್ಕಳೆಲ್ಲ ಮೇಲಿನ ಮಹಡಿಯಲ್ಲಿ. ಇಲ್ಲಿ ಕೂತು ಏನು ಮಾಡಲಿ ಎಂದು ಕೇಳಿದೆ. "ಪ್ರಾಡಕ್ಟ್ ರೆಡಿ ಆದ್ಮೇಲೆ ನಿಮ್ಮ ಹತ್ರಾನೇ ಬರುತ್ತೆ. ನೋಡಿ ಒಂದು ಸೈನ್ ಹಾಕಿದ್ರೆ ಆಯ್ತು." ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ. ಒಂದು ದಿನ ಆ ಕೋಣೆಯ ತಣ್ಣನೆ ಗಾಳಿ ಕುಡಿದೆ. ಮರುದಿನ ಕುರ್ಚಿ ಎತ್ತಿಕೊಂಡು ಮೆಟ್ಟಿಲು ಹತ್ತಿ, ಕೀರ್ತನಾ ಎಂಬ ಎಂಜಿನಿಯರ್ ಮೇಜಿನ ಪಕ್ಕ ಹಾಕಿಕೊಂಡೆ. ಅವಳು ಕಿವಿಯಿಂದ ಹೆಡ್‌ಫೋನ್ ತೆಗೆದಳು.

"ಆಂಟಿ, ಯಾರನ್ನ ನೋಡ್ಬೇಕಿತ್ತು?"

"ನಿನ್ನನ್ನೇ ಕಣಮ್ಮ. ಇನ್ಮೇಲೆ ಇಲ್ಲೇ ಕೂತ್ಕೋತೀನಿ."

ಆ ವಾರ ರಘುನಂದನ್ ಮೂರು ಸಲ ಮೇಲೆ ಬಂದು, ಕೆಳಗೆ ಹೋಗಿ ಎಂದು ನಯವಾಗಿ ಹೇಳಿದರು. ಮೂರು ಸಲವೂ ನಯವಾಗಿಯೇ ಆಗುವುದಿಲ್ಲ ಎಂದೆ. ನಾಲ್ಕನೆಯ ಸಲ ಬರಲಿಲ್ಲ. ಕ್ಯಾಬಿನ್‌ನಲ್ಲಿ ಆಮೇಲೆ ನೀರಿನ ಕ್ಯಾನ್‌ಗಳನ್ನು ಇಡತೊಡಗಿದರು.

ಮೇಲೆ ಕೂತ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮೊದಲ ಆರು ತಿಂಗಳು ನಾನು ದಡ್ಡತನವನ್ನೇ ಮಾಡಿದೆ. ಸಿಕ್ಕಿದ್ದನ್ನೆಲ್ಲ ಓದಿ ನಲವತ್ತು ಪುಟದ ನೀತಿ ಸಂಹಿತೆ ಬರೆದೆ, ಬೈಂಡ್ ಮಾಡಿಸಿ ಎಲ್ಲರ ಮೇಜಿನ ಮೇಲೂ ಇಟ್ಟೆ. ಒಬ್ಬರೂ ಓದಲಿಲ್ಲ. ಕೀರ್ತನಾ ಅದನ್ನು ತನ್ನ ಕಂಪ್ಯೂಟರ್ ಪರದೆಯ ಕೆಳಗೆ ಎತ್ತರಕ್ಕೆಂದು ಇಟ್ಟುಕೊಂಡಿದ್ದಳು. ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಹತ್ತು ನಿಮಿಷ ಮಾತಾಡುವ ಮೀಟಿಂಗ್‌ನಲ್ಲಿ ನಾನು ಘನತೆ, ನ್ಯಾಯ, ಪಾರದರ್ಶಕತೆ ಎಂದು ಉಪನ್ಯಾಸ ಕೊಡುತ್ತಿದ್ದೆ. ಮಕ್ಕಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಒಂದು ದಿನ ಕೀರ್ತನಾ ನನ್ನನ್ನು ಕಾಫಿಗೆ ಕರೆದುಕೊಂಡು ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. "ಆಂಟಿ, ನೀವು ಹೇಳೋದೆಲ್ಲ ಕರೆಕ್ಟು. ಆದ್ರೆ ಕೇಳ್ಕೊಂಡು ಸೀಟಿಗೆ ಹೋಗಿ ನಾನು ಏನು ಟೈಪ್ ಮಾಡ್ಲಿ?"

ಸಿಟ್ಟು ಬಂತು. ಮನೆಗೆ ಹೋಗುವ ಬಸ್ಸಿನಲ್ಲೂ ಅದು ಇಳಿಯಲಿಲ್ಲ. ಆದರೆ ಅವಳು ಹೇಳಿದ್ದು ನಿಜ. ಅಂದಿನಿಂದ ಉಪನ್ಯಾಸ ಬಿಟ್ಟು ಒಂದೇ ಪ್ರಶ್ನೆ ಇಟ್ಟುಕೊಂಡೆ: ಇದು ತಪ್ಪಿದರೆ ಏಟು ಯಾರಿಗೆ ಬೀಳುತ್ತದೆ, ಅವರ ಹೆಸರೇನು? ಹೆಸರು ಹೇಳಲಾಗದಿದ್ದರೆ ಹೋಗಿ ನೋಡಿಕೊಂಡು ಬನ್ನಿ. ನಿಮಗೂ ಇಷ್ಟೇ ಸಾಕು, ಸಂಹಿತೆ ಬರೆಯಲು ಬೇರೆಯವರಿದ್ದಾರೆ.

ಆ ಪ್ರಶ್ನೆ ಮೊದಲು ಉಪಯೋಗಕ್ಕೆ ಬಂದದ್ದು ಹಾಜರಿ ಕ್ಯಾಮೆರಾದಲ್ಲಿ. ಬಾಗಿಲಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ, ಪರೀಕ್ಷೆಗಳಲ್ಲೆಲ್ಲ ಚೆನ್ನಾಗಿಯೇ ಪಾಸಾಗಿತ್ತು. ಬೇಸಿಗೆ ರಜೆ ಮುಗಿದದ್ದೇ ಒಂದು ಘಟಕದಲ್ಲಿ ಏಳೆಂಟು ಹೆಂಗಸರಿಗೆ ಗೈರುಹಾಜರಿ ಬಿತ್ತು. ಎದುರಿಗೇ ನಿಂತಿದ್ದಾರೆ, ಯಂತ್ರ ಇವರಲ್ಲ ಎನ್ನುತ್ತದೆ. ಎಂಜಿನಿಯರ್‌ಗಳು ಬೆಳಕು ಬದಲಿಸಿದರು, ಕ್ಯಾಮೆರಾ ಬದಲಿಸಿದರು. ನಾನು ಹೋಗಿ ನೋಡಿದೆ. ಎಲ್ಲರೂ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದಿದ್ದರು. ಬೋಳು ತಲೆಯ ಮೇಲೆ ಸೆರಗು, ಹಣೆಯ ತುಂಬ ಗಂಧ. ತಂಡಕ್ಕೆ ಹೇಳಿದಾಗ ಎಲ್ಲರೂ ತಲೆ ಚಚ್ಚಿಕೊಂಡು ನಕ್ಕರು. ನಗು ನಿಂತ ಮೇಲೆ ಕೀರ್ತನಾ, "ನಮ್ಮಮ್ಮಾನೂ ಕೊಟ್ಟಿದ್ರು. ನನಗೇ ಹೊಳೀಲಿಲ್ವಲ್ಲ" ಎಂದಳು. ಅಂದಿನಿಂದ ಅವಳು ನನ್ನನ್ನು ಕೇಳದೆ ಏನನ್ನೂ ಹೊರಗೆ ಬಿಡುತ್ತಿರಲಿಲ್ಲ. ಎರಡು ವರ್ಷದಲ್ಲಿ ಅವಳೇ ತಂಡದ ಮುಖ್ಯಸ್ಥೆಯಾದಳು.

ಇನ್ನು, ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ. ಇದರಲ್ಲಿ ತಪ್ಪು ನನ್ನದೇ. ಹಾಗಾಗಿ ಒಂದನ್ನೂ ಬಿಡದೆ ಬರೆಯುತ್ತೇನೆ.

ಹೊಲಿಗೆ ಮೆಷಿನ್‌ಗಳ ಮೇಲೆ ಒಂದು ಕ್ಯಾಮೆರಾ ತೂಗುಹಾಕಿ, ಕೆಳಗಿನ ಕೈಗಳನ್ನು ನೋಡುವ ತಂತ್ರಾಂಶ ಅದು. ಯಾವ ಸಾಲಿನಲ್ಲಿ ಕೆಲಸ ರಾಶಿ ಬೀಳುತ್ತಿದೆ ಎಂದು ತಿಳಿದರೆ ಅಲ್ಲಿಗೆ ಇನ್ನೊಬ್ಬರನ್ನು ಹಾಕಬಹುದು ಎಂಬ ಲೆಕ್ಕ. ಒಬ್ಬೊಬ್ಬರ ಅಂಕ ಯಾರಿಗೂ ಕೊಡಬಾರದು, ಇಡೀ ಸಾಲಿನದು ಮಾತ್ರ ಎಂದು ನಾನು ಷರತ್ತು ಹಾಕಿದೆ. "ಖಂಡಿತ ಮೇಡಂ" ಎಂದರು ರಘುನಂದನ್. ಬಾಯಿಮಾತು ನಂಬಿ ಪ್ರಯೋಗಕ್ಕೆ ಸಹಿ ಹಾಕಿದೆ.

ಇಂಥ ಯಂತ್ರಕ್ಕೆ ಕಲಿಸಲು ಮೊದಲು ಮನುಷ್ಯರು ಕೂತು ಸಾವಿರಾರು ವಿಡಿಯೊ ತುಣುಕು ನೋಡಬೇಕು. ಒಂದೊಂದನ್ನೂ ನೋಡಿ, ಇದು 'ಕೆಲಸದ ಕೈ', ಇದು 'ಖಾಲಿ ಕೈ' ಎಂದು ಗುಂಡಿ ಒತ್ತುತ್ತಾ ಹೋಗಬೇಕು. ಆ ಕೆಲಸವನ್ನು ಹೊರಗಿನ ಏಜೆನ್ಸಿಗೆ ಕೊಡಲು ಹೊರಟಿದ್ದರು. ಹೊಲಿಗೆ ಗೊತ್ತಿಲ್ಲದವರು ಕೈ ನೋಡಿ ಏನು ಹೇಳಿಯಾರು ಎಂದು ನಾನು ಜಗಳವಾಡಿ, ಕಾಮಾಕ್ಷಿಪಾಳ್ಯದ ಒಂಬತ್ತು ಜನ ಹಳೆಯ ಟೈಲರ್‌ಗಳನ್ನು ಕರೆತಂದೆ. ಅವರಲ್ಲಿ ಹಿರಿಯಳು ರತ್ನಮ್ಮ. ಖಾಲಿ ಕೈ ಎಂದರೆ ಯಾವುದು ಎಂದು ಅವಳು ಕೇಳಿದಾಗ, "ನಿಮಗೆ ಗೊತ್ತಿಲ್ದೇ ಇರೋದೇನು, ನಿಮಗೆ ಅನ್ನಿಸಿದ ಹಾಗೆ ಒತ್ತಿ" ಎಂದೆ. ನನ್ನ ಆಯ್ಕೆಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಒಂದು ಮಧ್ಯಾಹ್ನ ಸೆಕ್ಯುರಿಟಿಯವರು ಒಬ್ಬ ಹೆಂಗಸನ್ನು ಮೇಲೆ ಕಳಿಸಿದರು. ದೂರು ಹಿಡಿದು ಬಂದವರನ್ನೆಲ್ಲ ನನ್ನ ಹತ್ತಿರ ಕಳಿಸುವುದು ಅವರಿಗೆ ರೂಢಿಯಾಗಿತ್ತು. ನೀಲಿ ಏಪ್ರನ್ ಇನ್ನೂ ಬಿಚ್ಚಿರಲಿಲ್ಲ. ಹೆಸರು ಜಯಮ್ಮ, ಮಾಗಡಿ ರಸ್ತೆಯ ಒಳಗಿನ ಒಂದು ಘಟಕದಲ್ಲಿ ಕಾಲರ್ ಹೊಲಿಯುವವರು. ನಮ್ಮ ಕ್ಯಾಮೆರಾ ಪ್ರಯೋಗಕ್ಕೆಂದು ತೂಗಿದ್ದು ಅಲ್ಲೇ, ಕಲಿಸುವ ತುಣುಕುಗಳಲ್ಲಿ ಅರ್ಧ ತೆಗೆದದ್ದೂ ಅಲ್ಲೇ. ಫೋನ್‌ನಲ್ಲಿ ತೆಗೆದ ಚಿತ್ರವೊಂದನ್ನು ನನ್ನ ಮುಂದೆ ಹಿಡಿದರು. ಊಟದ ಹಾಲ್‌ಗೆ ಹೋಗುವ ಗೋಡೆಯ ಮೇಲೆ ಅಂಟಿಸಿದ ಪಟ್ಟಿ, ತಲೆಯಲ್ಲಿ 'ಖಾಲಿ ಕೈ' ಎಂದು ದಪ್ಪಕ್ಷರ, ಕೆಳಗೆ ಆರು ಹೆಸರು. ಮೊದಲನೆಯದೇ ಜಯಮ್ಮನದು.

"ಮುಂದಿನ ವಾರಾನೂ ಹೆಸರು ಬಂದ್ರೆ ಮನೇಗೆ ಹೋಗು ಅಂದವ್ರೆ. ಹೋಗ್ತೀನಿ ಮೇಡಂ, ನನ್ನ ಕೈಗೆ ಎಲ್ಲಾದ್ರೂ ಕೆಲಸ ಸಿಗುತ್ತೆ. ಆದ್ರೆ ನಮ್ಮ ಬೀದಿ ಹೆಣ್ಮಕ್ಳೆಲ್ಲ ಅದೇ ಲೈನಲ್ಲಿ ಕೂರೋದು. ದಿನಾ ನನ್ನ ಹೆಸರು ಓದ್ಕೊಂಡು ಊಟಕ್ಕೆ ಹೋಗ್ತಾರೆ. ನಾನು ಕೆಲಸಗಳ್ಳೀನಾ? ಹೇಳಿ, ನಿಮ್ಮ ಮೆಷಿನ್ನೇ ತಾನೆ ಹಂಗೆ ಹೇಳಿದ್ದು?"

ನನಗೆ ನಾಚಿಕೆಯಾಯಿತು. ರಘುನಂದನ್ ಹತ್ತಿರ ಹೋಗಿ, ಒಬ್ಬೊಬ್ಬರ ಅಂಕ ಹೊರಗೆ ಹೇಗೆ ಹೋಯಿತು ಎಂದು ಕೇಳಿದೆ. "ಕಸ್ಟಮರ್ ಕೇಳಿದ್ರು, ಕೊಟ್ವಿ. ಅವ್ರು ಗೋಡೆಗೆ ಅಂಟಿಸ್ತಾರೆ ಅಂತ ನಮಗೇನು ಗೊತ್ತು?" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರು ನಿಸ್ಸೀಮರು.

ಕೀರ್ತನಾ ಮತ್ತು ನಾನು ಜಯಮ್ಮನ ವಿಡಿಯೊ ನೋಡಲು ಕೂತೆವು. ಅವರು ಕಾಲರ್ ಎತ್ತಿ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ಯಂತ್ರ 'ಖಾಲಿ' ಎನ್ನುತ್ತದೆ. ಹಸಿರು ಏಪ್ರನ್ ತೊಟ್ಟ ಇನ್ನೊಂದು ಘಟಕದ ಹೆಂಗಸು ಅದನ್ನೇ ಮಾಡಿದರೆ 'ಕೆಲಸ' ಎನ್ನುತ್ತದೆ. ಹಸಿರು ಏಪ್ರನ್‌ನವರು ಕೈಕಟ್ಟಿ ಕೂತರೂ ಕೆಲಸವೇ. ಕೀರ್ತನಾ ಎರಡು ದಿನ ತಡಕಾಡಿ, ಯಂತ್ರಕ್ಕೆ ಕಲಿಸಿದ ತುಣುಕುಗಳನ್ನೇ ತೆರೆದು ತೋರಿಸಿದಳು. ಹಸಿರು ಘಟಕದ ತುಣುಕುಗಳಲ್ಲಿ 'ಖಾಲಿ ಕೈ' ಎಂದು ಒಂದೂ ಇರಲಿಲ್ಲ. ನೀಲಿಯಲ್ಲಿ ಹೊಲಿಗೆಯಿಂದ ಒಂದು ಕ್ಷಣ ಕೈ ಎತ್ತಿದ್ದೆಲ್ಲ ಖಾಲಿ. ಯಂತ್ರ ಕೈ ನೋಡುವ ಬದಲು ಏಪ್ರನ್ ಬಣ್ಣ ನೋಡಲು ಕಲಿತಿತ್ತು.

ನಾನು ಕರೆತಂದ ಒಂಬತ್ತು ಜನರೂ ಮೊದಲು ಕೆಲಸ ಮಾಡಿದ್ದು ಆ ಹಸಿರು ಏಪ್ರನ್ ಘಟಕದಲ್ಲೇ.

ರತ್ನಮ್ಮನನ್ನು ಪಕ್ಕಕ್ಕೆ ಕರೆದೆ. ಅವಳು ಸುಳ್ಳು ಹೇಳಲಿಲ್ಲ. "ನಮ್ಮೋರು ಮೇಡಂ. ಪಕ್ಕದ ಮೆಷಿನ್ ಲಕ್ಷ್ಮಿ ಕೂತವ್ಳೆ, ಅವಳ ಕೈ ನೋಡಿ ಖಾಲಿ ಅಂತ ಒತ್ತೋಕೆ ನನ್ನ ಬೆರಳು ಬರ್ಲಿಲ್ಲ. ನೀಲಿಯೋರು ಯಾರೋ ಏನೋ. ಅದ್ರಲ್ಲಾದ್ರೂ ಸ್ಟ್ರಿಕ್ಟಾಗಿರೋಣ, ನಿಮಗೆ ಕೆಟ್ಟ ಹೆಸರು ಬರ್ಬಾರ್ದು ಅಂತ..."

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಈ ಒಂಬತ್ತು ಜನರ ಅನ್ನ ಹೋಗುತ್ತದೆ, ಹೇಳದಿದ್ದರೆ ಜಯಮ್ಮನ ಮಾನ ಹೋಗುತ್ತದೆ. ಎರಡೂ ನನ್ನ ಕೈಯಿಂದಲೇ ಆದದ್ದು. ಕರೆತರುವಾಗ, ನೀವು ಮೊದಲು ಎಲ್ಲಿ ಕೆಲಸ ಮಾಡಿದ್ದಿರಿ ಎಂದು ಕೇಳಲಿಲ್ಲ. ಖಾಲಿ ಎಂದರೇನು ಎಂದು ಅವಳೇ ಕೇಳಿದಾಗ ಉತ್ತರ ಹೇಳಲಿಲ್ಲ. ಮುಡಿ ಕೊಟ್ಟದ್ದು ಹೊಳೆಯದ ಮಕ್ಕಳನ್ನು ನೋಡಿ ನಕ್ಕವಳು ನಾನು.

ಮರುದಿನ ಬೆಳಗಿನ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ರಘುನಂದನ್ ಲೆಕ್ಕಾಚಾರ ತಕ್ಷಣ ಮುಗಿಯಿತು. "ಆ ಲೇಡೀಸ್‌ನ ಇವತ್ತೇ ಕಳ್ಸಿ. ಏಜೆನ್ಸಿಯಿಂದ ಆಮೇಲೆ ಹೊಸದಾಗಿ ಮಾಡಿಸೋಣ. ಸೋಮವಾರ ಎಲ್ಲಾ ಯೂನಿಟ್‌ಗೂ ಹೋಗ್ಬೇಕು, ನೀವು ಫಾರಂಗೆ ಸೈನ್ ಹಾಕ್ಬಿಡಿ."

"ಅವ್ರು ನಾನು ಹೇಳಿದ್ದನ್ನ ಮಾಡಿದ್ರು. ಕಳಿಸೋದಾದ್ರೆ ಮೊದಲು ನನ್ನನ್ನ ಕಳಿಸಿ. ಸೈನ್ ಹಾಕಲ್ಲ."

"ಮೇಡಂ, ನಿಮ್ಮ ಕೆಲಸಾನೇ ಸೈನ್ ಹಾಕೋದು."

"ಹಾಕದೇ ಇರೋದೂ ನನ್ನ ಕೆಲಸಾನೇ."

ರಘುನಂದನ್ ಯಾರನ್ನೂ ಕಳಿಸದೆ ಕೆಳಗಿಳಿದು ಹೋದರು. ಬಾಸ್ ಮೇಜಿನ ಮೇಲೂ ಒಂದು ಕ್ಯಾಮೆರಾ ತೂಗುಹಾಕಿ ಅವರ ಕೈ ಎಷ್ಟು ಖಾಲಿ ಎಂದು ನೋಡೋಣ ಎಂದು ಹುಡುಗರು ಸಂಚು ಹೂಡಿದರು. ನನಗೂ ಆಸೆಯಾಯಿತು. ಆದರೆ ಬೇಡವೆಂದೆ. ಅವರಿಗೆ ಅವಮಾನ ಮಾಡಿದರೆ ಜಯಮ್ಮನ ಅವಮಾನ ತೀರುವುದಿಲ್ಲ.

ಅದರ ಬದಲು ಜಯಮ್ಮನನ್ನೇ ಕರೆಸಿ ರತ್ನಮ್ಮನ ಪಕ್ಕ ಕೂರಿಸಿದೆ. ಈ ಏಳು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬಹುದು. ಕೀರ್ತನಾ ಹಿಂದೆ ನಿಂತಳು. ರತ್ನಮ್ಮ ತಲೆ ತಗ್ಗಿಸಿಕೊಂಡೇ, ತಾನು 'ಖಾಲಿ' ಒತ್ತಿದ್ದ ಜಯಮ್ಮನ ಒಂದೊಂದೇ ತುಣುಕು ತೆರೆದಳು.

"ಇಲ್ಲಿ ಏನ್ ಮಾಡ್ತಿದೀಯಕ್ಕ?"

"ಕಾಲರ್ ತುದಿ ಚೂಪಾಗಿ ಬಂತಾ ಅಂತ ಮುಟ್ಟಿ ನೋಡ್ತಿದೀನಿ."

"ಇಲ್ಲಿ?"

"ದಾರ ಕಿತ್ತೋಯ್ತು. ತುದಿ ಹೊಸೀತಿದೀನಿ. ನಿನಗೆ ಗೊತ್ತಾಗಲ್ವಾ? ನೀನೂ ಟೈಲರ್ ತಾನೆ?"

ರತ್ನಮ್ಮನ ಕಣ್ಣಲ್ಲಿ ನೀರು. ಹೀಗೇ ಇಪ್ಪತ್ತು ಮೂವತ್ತು ತುಣುಕು ಸಾಗಿದವು. ಎಲ್ಲದರಲ್ಲೂ ಕೆಲಸವೇ. ನನಗೆ ಒಳಗೊಳಗೇ ಧೈರ್ಯ ಬರುತ್ತಿತ್ತು, ಇದನ್ನು ಹೀಗೇ ತೆಗೆದುಕೊಂಡು ಹೋಗಿ ರಘುನಂದನ್ ಮುಖದ ಮುಂದೆ ಹಿಡಿಯಬೇಕು ಎಂದು. ಆಗ ಇನ್ನೊಂದು ತುಣುಕು ಬಂತು. ಎರಡು ಕೈಯೂ ಮಡಿಲಲ್ಲಿ, ಮೆಷಿನ್ ನಿಂತಿದೆ. ಜಯಮ್ಮ ಅದನ್ನು ಪೂರ್ತಿ ನೋಡಿದರು.

"ಇಲ್ಲಿ ಸುಮ್ನೆ ಕೂತಿದೀನಿ. ಮಣಿಕಟ್ಟು ನೋಯ್ತಿತ್ತು."

ರತ್ನಮ್ಮ ನನ್ನ ಮುಖ ನೋಡಿ ಮೆಲ್ಲಗೆ, "ಕೆಲಸ ಅಂತಾನೇ ಒತ್ಬಿಡ್ಲಾ ಮೇಡಂ?" ಎಂದಳು.

"ಯಾಕೆ ಸುಳ್ಳು ಒತ್ತುತೀಯಾ?" ಎಂದರು ಜಯಮ್ಮ. "ಸುಮ್ನೆ ಕೂತಿದ್ದೆ ಅಂತಾನೇ ಬರಿ. ಮನುಷ್ಯರು ಕೂರಲ್ವಾ?"

ಇಪ್ಪತ್ತು ವರ್ಷ ಕಲ್ಯಾಣ ಅಧಿಕಾರಿಯಾಗಿದ್ದ ನಾನು ಆ ಹೊತ್ತಿನವರೆಗೂ, ಆಕೆ ಒಂದು ಕ್ಷಣವೂ ಸುಮ್ಮನಿರಲಿಲ್ಲ ಎಂದು ಸಾಬೀತು ಮಾಡಲು ಹೊರಟಿದ್ದೆ. ಹಾಗಾದರೆ, ಸುಮ್ಮನಿದ್ದದ್ದು ಸಾಬೀತಾದರೆ ಪಟ್ಟಿ ಸರಿ ಎಂದು ನಾನೇ ಒಪ್ಪಿದ ಹಾಗಲ್ಲವೇ? ಕೀರ್ತನಾಗೆ ನನಗಿಂತ ಮೊದಲೇ ಹೊಳೆದಿರಬೇಕು. ಅವಳು ಮುಂದೆ ಬಗ್ಗಿ, ಆ ಪರದೆಯ ಮೇಲಿಂದ 'ಖಾಲಿ ಕೈ' ಎಂಬ ಗುಂಡಿಯನ್ನೇ ಅಳಿಸಿ ಹಾಕಿದಳು. ಆಮೇಲೆ ಆ ಒಂಬತ್ತು ಜನರೇ ಕೂತು ಕೈಕೆಲಸಗಳ ಹೊಸ ಹೆಸರುಗಳನ್ನು ಹೇಳಿದರು: ಮುಟ್ಟಿ ನೋಡುವುದು, ದಾರ ಹೊಸೆಯುವುದು, ಪಕ್ಕದವಳಿಗೆ ಸೂಜಿ ಪೋಣಿಸಿಕೊಡುವುದು. ಕೊನೆಗೆ, ಯಾರಿಗೂ ವರದಿಯಾಗದ ಹಾಗೆ, ವಿಶ್ರಾಂತಿ.

ಸೋಮವಾರ ರಘುನಂದನ್ ಫಾರಂ ತಂದರು, ಹಳೆಯ ತಂತ್ರಾಂಶದ್ದೇ. ನಾನು ಮುಟ್ಟಲಿಲ್ಲ. ನನ್ನ ಬದಲು ತಂಡದ ಮುಖ್ಯಸ್ಥರೂ ಸಹಿ ಹಾಕಬಹುದು ಎಂಬ ನಿಯಮವಿತ್ತು. ಅವರು ಫಾರಂ ಅನ್ನು ಕೀರ್ತನಾ ಕಡೆ ಸರಿಸಿದರು. ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಮುಂದೆ ಹೋಗಬೇಕಾದ ಹುಡುಗಿ.

"ನಾನೂ ಹಾಕಲ್ಲ ಸಾರ್."

"ಇವ್ರು ಹೇಳ್ಕೊಟ್ರಾ?"

"ಇಲ್ಲ ಸಾರ್. ಜಯಮ್ಮನ ಹಿಂದೆ ನಾನೂ ನಿಂತಿದ್ನಲ್ಲ, ನೋಡಿದೀನಿ."

ಅದಕ್ಕೇ ನಾನು ಕುರ್ಚಿ ಹೊತ್ತುಕೊಂಡು ಮೇಲೆ ಹೋದದ್ದು. ನಾನೊಬ್ಬಳೇ ಬೇಡವೆಂದರೆ ನನ್ನನ್ನು ಬದಲಿಸಬಹುದು. ತಂತ್ರಾಂಶ ಬರೆದವರೇ ಬೇಡವೆಂದರೆ ಯಾರನ್ನು ಬದಲಿಸುತ್ತಾರೆ? ಒಬ್ಬೊಬ್ಬರ ಅಂಕ ಕೊಡುವ ಭಾಗ ಅಲ್ಲಿಗೆ ನಿಂತಿತು. ಒಬ್ಬ ದೊಡ್ಡ ಗ್ರಾಹಕರು ಬಿಟ್ಟು ಹೋದರು. ಆ ವರ್ಷದ ಕೊನೆಗೆ, ನಿಮಗೂ ವಯಸ್ಸಾಯಿತು ಎಂದು ನನಗೆ ಶಾಲು ಹೊದಿಸಿದರು. ಅದನ್ನು ನಿವೃತ್ತಿ ಎಂದು ಕರೆಯುತ್ತಾರೆ. ಕರೆಯಲಿ. ಒಂದು ದಿನವೂ ನಾನು ಪಶ್ಚಾತ್ತಾಪ ಪಟ್ಟಿಲ್ಲ.

ಆದರೆ ಶಾಲಿಗೆ ಮೊದಲು ಒಂದು ಕೆಲಸ ಉಳಿದಿತ್ತು. ಘಟಕದವರು ಪಟ್ಟಿಯನ್ನು ಒಂದು ಭಾನುವಾರ ಯಾರೂ ಇಲ್ಲದಾಗ ಕಿತ್ತು ಹಾಕಿದ್ದರು. ವಿಷಯ ಹೇಳಲು ಫೋನ್ ಮಾಡಿದರೆ ಜಯಮ್ಮ ರೇಗಿದರು. "ಹಾಕೋವಾಗ ಎಲ್ಲರ ಮುಂದೆ ಹಾಕಿದ್ರು. ತೆಗೆಯೋದು ಮಾತ್ರ ಯಾರಿಗೂ ಕಾಣ್ದಂಗಾ?"

ಸರಿಯಾದ ಮಾತು. ನಾನೊಂದು ಕಾಗದ ಬರೆದೆ. ಅದನ್ನು ಓದಿದರೆ ಕಂಪನಿಯೇ ತಪ್ಪೊಪ್ಪಿಕೊಂಡ ಹಾಗಾಗುತ್ತದೆ, ಓದಕೂಡದು ಎಂದರು ರಘುನಂದನ್. ಒಪ್ಪಿಕೊಳ್ಳಲೆಂದೇ ಬರೆದದ್ದು ಎಂದೆ. ಕೀರ್ತನಾ ಸ್ಕೂಟರ್ ತೆಗೆದಳು. ಮಧ್ಯಾಹ್ನದ ಊಟಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ, ಸೂಪರ್‌ವೈಸರ್ ಬೇಡ ಬೇಡ ಎನ್ನುತ್ತಿದ್ದರೂ, ಆ ಸಾಲಿನ ತುದಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ.

"ಜಯಮ್ಮ ಮತ್ತು ಇನ್ನೂ ಐದು ಜನರ ಹೆಸರು ಗೋಡೆಯ ಮೇಲೆ ಬಂದದ್ದು ನಮ್ಮ ತಪ್ಪಿನಿಂದ. ಅವರು ಮಾಡುತ್ತಿದ್ದ ಕೆಲಸವನ್ನು ನಮ್ಮ ಯಂತ್ರ ಕೆಲಸವೆಂದು ಗುರುತಿಸಲಿಲ್ಲ. ಒಮ್ಮೊಮ್ಮೆ ಅವರು ಕೈ ನೋವಿಗೆ ಸುಮ್ಮನೆ ಕೂತದ್ದೂ ಉಂಟು. ಅದನ್ನು ಅಳೆಯಲು ನಮಗೆ ಹಕ್ಕಿರಲಿಲ್ಲ. ಸಹಿ ಹಾಕಿದವಳು ನಾನು. ಕ್ಷಮಿಸಿ."

ಮೆಷಿನ್‌ಗಳು ಒಂದೊಂದಾಗಿ ನಿಂತಿದ್ದವು. ಜಯಮ್ಮ ತಲೆ ಎತ್ತಿ ಮೇಲೆ ತೂಗುತ್ತಿದ್ದ ಕ್ಯಾಮೆರಾವನ್ನು ನೋಡಿದರು. ಅರ್ಧ ಹೊಲಿದ ಕಾಲರನ್ನು ಮೆಷಿನ್ ಮೇಲೆಯೇ ಬಿಟ್ಟು, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೆಟ್ಟಗೆ ಕೂತರು. ಬೆಲ್ ಹೊಡೆಯುವವರೆಗೂ ಅವರು ಹಾಗೆಯೇ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ಬರ್ಕೊಳ್ಳೋಕೆ ಹೇಳಿ, ನಿಮ್ಮ ಮೆಷಿನ್‌ಗೆ" ಎಂದರು.